ಕೊಳೆನೀರಿನ ವಿಲೇವಾರಿ: ನಮ್ಮ ಗುಡ್ಡೆ ಬೈಲುಗಳಿಗೆ ಒಪ್ಪುವುದು ಯಾವುದು?

ಕೃಷಿಯ ಪುಟದಲ್ಲಿ ಕಕ್ಕೂಸಿನ ಮಾತೇಕೆಂದು ಕೆಲವರು ಹುಬ್ಬೇರಿಸಿಯಾರು. ಕಂಗಿನ ಬುಡಕ್ಕೆ ಹಾಕುವ ಗೊಬ್ಬರ, ತೆಂಗಿನ ಸುಳಿಗೆ ಬೀಳುವ ದುಂಬಿ, ಬೈಲಿನ ಗದ್ದೆಗೆ ಒಪ್ಪುವ ತಳಿ ಇವನ್ನು ಬಿಟ್ಟು ಹೊಲಸಿನ ವಿಚಾರ ಬರೆಯುವುದೇ ಎಂದು ಕೇಳಿಯಾರು. ಆದರೆ ರೈತನಿಗೆ ಬಾವಿಗಿಂತ ದೊಡ್ಡ ಆಸ್ತಿ ಯಾವುದಿದೆ? ಗೊಬ್ಬರಕ್ಕಿಂತ ದೊಡ್ಡ ಖರ್ಚು ಯಾವುದಿದೆ? ಈ ಎರಡೂ ನಮ್ಮ ಹಿತ್ತಿಲ ಗುಂಡಿಯೊಡನೆ ಗಂಟು ಹಾಕಿಕೊಂಡಿವೆ. ಆದ ಕಾರಣ ಈ ವಾರ ಸಂಕೋಚವನ್ನು ಬದಿಗಿಟ್ಟು ಇದನ್ನೇ ಬರೆಯುತ್ತೇವೆ.

ಕಾಸರಗೋಡು ಪೇಟೆಯಿಂದ ಚೆರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ವಿದ್ಯಾನಗರ ದಾಟಿದೊಡನೆ ನಾಯ್ಮಾರ್ಮೂಲೆ ಸಿಗುತ್ತದೆ. ಚೆಂಗಳ ಪಂಚಾಯತಿಗೆ ಸೇರಿದ ಊರು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿ ವಿದ್ಯಾನಗರದಲ್ಲಿ ಕಚೇರಿಗಳು ನಿಂತ ಮೇಲೆ ಈ ಕಡೆಯ ಜಾಗಕ್ಕೆ ಬೆಲೆ ಬಂತು, ಮನೆಗಳು ಒತ್ತೊತ್ತಾದುವು. ಪೂರ್ತಿ ಪೇಟೆಯೂ ಅಲ್ಲ, ಪೂರ್ತಿ ಹಳ್ಳಿಯೂ ಅಲ್ಲ. ಪೇಟೆಯಾಗಿದ್ದರೆ ನೆಲದಡಿಯ ಚರಂಡಿಯನ್ನಾದರೂ ಕೇಳಬಹುದಿತ್ತು. ಹಳ್ಳಿಯಾಗಿದ್ದರೆ ಮನೆಯಿಂದ ಮನೆಗೆ ಒಂದು ಕೂಗಳತೆಯಾದರೂ ಇರುತ್ತಿತ್ತು. ಇಲ್ಲಿ ಐದು ಸೆಂಟ್ಸು, ಹತ್ತು ಸೆಂಟ್ಸು ಜಾಗದಲ್ಲಿ ಒಂದು ಮನೆ, ಒಂದು ಬಾವಿ, ಒಂದು ಕಕ್ಕೂಸಿನ ಗುಂಡಿ. ಗೋಡೆಯ ಆಚೆ ಇನ್ನೊಂದು ಮನೆ, ಇನ್ನೊಂದು ಬಾವಿ, ಇನ್ನೊಂದು ಗುಂಡಿ. ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಉಪ್ಪಳ ಎಲ್ಲೆಲ್ಲಿ ಪೇಟೆ ಬೆಳೆಯುತ್ತಿದೆಯೋ ಅಲ್ಲೆಲ್ಲ ನಾಳೆ ಇದೇ ಸ್ಥಿತಿ.

ಲೆಕ್ಕ ಹಾಕಿ ನೋಡಿರಿ. ಐದು ಸೆಂಟ್ಸು ಎಂದರೆ 2,178 ಚದರಡಿ. ಚೌಕವಾಗಿದ್ದರೆ ಒಂದೊಂದು ಬದಿಗೆ 47 ಅಡಿಯೂ ಪೂರ್ತಿ ಇಲ್ಲ. ಕುಡಿಯುವ ನೀರಿನ ಬಾವಿಗೂ ಗುಂಡಿಗೂ ನಡುವೆ ಏಳೂವರೆ ಮೀಟರು, ಅಂದರೆ ಸುಮಾರು 25 ಅಡಿ ಅಂತರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಡುವೆ ಮನೆಯನ್ನಿಟ್ಟು ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಮಾಡಿದರೆ ನಿಮ್ಮ ಮಟ್ಟಿಗೆ ನಿಯಮ ಪಾಲಿಸಿದಂತಾಯಿತು. ಆದರೆ ಆ ಎದುರು ಮೂಲೆ ನೆರೆಯವರ ಬಾವಿಗೆ ಹತ್ತು ಅಡಿ ದೂರದಲ್ಲಿದ್ದರೆ? ನೆರೆಯವರೂ ತಮ್ಮ ಮಟ್ಟಿಗೆ ಹೀಗೆಯೇ ನಿಯಮ ಪಾಲಿಸಿದ್ದರೆ? ನೀರಿಗೆ ಗೋಡೆಯೂ ಗೊತ್ತಿಲ್ಲ, ಪಟ್ಟೆಯೂ ಗೊತ್ತಿಲ್ಲ.

ಮುರಕಲ್ಲಿನ ಗುಣ

ಇಪ್ಪತ್ತೈದು ಅಡಿ ಅಂತರವಿದ್ದರೂ ನಮ್ಮ ನೆಲದಲ್ಲಿ ಅದು ಸಾಕೆಂದು ಹೇಳುವ ಧೈರ್ಯ ನಮಗಿಲ್ಲ. ನಯವಾದ ಮರಳುಮಣ್ಣಿನಲ್ಲಿ ನೀರು ನಿಧಾನವಾಗಿ ಜಿನುಗುತ್ತದೆ. ದಾರಿಯಲ್ಲಿ ರೋಗಾಣುಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಯುತ್ತವೆ. ಅಂತಹ ಮಣ್ಣೇ ಒಂದು ಸೋಸುಬಟ್ಟೆ. ಮುರಕಲ್ಲು ಹಾಗಲ್ಲ. ಕಲ್ಲಿನ ಕೋರೆಯಲ್ಲಿ ಕಡಿದಿಟ್ಟ ಒಂದು ಕಲ್ಲನ್ನು ಕೈಗೆತ್ತಿಕೊಂಡು ನೋಡಿದರೆ ತಿಳಿಯುತ್ತದೆ: ಅದರ ಮೈಯೆಲ್ಲ ತೂತು, ಹುಳ ಕೊರೆದ ಮರದಂತೆ. ನೆಲದೊಳಗೆ ಈ ತೂತುಗಳು ಒಂದಕ್ಕೊಂದು ಕೂಡಿಕೊಂಡು ಕೊಳವೆಗಳಾಗಿರುತ್ತವೆ. ಮುರದ ಕೆಳಗೆ ನೀರಿಳಿಯದ ಶೇಡಿಮಣ್ಣು. ಮಳೆನೀರು ಮುರದ ತೂತುಗಳಲ್ಲಿಳಿದು, ಶೇಡಿಯ ಮೇಲೆ ತಡೆದು, ಇಳಿಜಾರಿನತ್ತ ಹರಿಯುತ್ತದೆ. ನಮ್ಮ ಬಾವಿಗಳಿಗೂ ಸುರಂಗಗಳಿಗೂ ನೀರು ಸಿಗುವುದು ಈ ಏರ್ಪಾಡಿನಿಂದಲೇ. ಅದೇ ಏರ್ಪಾಡು ಗುಂಡಿಯ ನೀರಿಗೂ ರಾಜಮಾರ್ಗವಾಗುತ್ತದೆ.

ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ಹೆಚ್ಚಿನ ಪಾಲು ಜೂನಿನಿಂದ ಸಪ್ಟೆಂಬರದೊಳಗೆ ಸುರಿಯುತ್ತದೆ. ಪತ್ತನಾಜೆ ಕಳೆದು ಮಳೆ ಹಿಡಿದರೆ ಬಾವಿಯ ನೀರು ದಿನದಿಂದ ದಿನಕ್ಕೆ ಮೇಲೇರುತ್ತದೆ. ಆಟಿಯಲ್ಲಿ ಬೈಲಿನ ಬದಿಯ ಬಾವಿಗಳಿಂದ ಕೈಯಲ್ಲೇ ನೀರು ಮೊಗೆಯಬಹುದು. ಬಾವಿಯಲ್ಲಿ ನೀರು ಏರಿದಂತೆ ನೆಲದೊಳಗೂ ಏರಿರುತ್ತದೆಂಬುದನ್ನು ಮರೆಯಬಾರದು. ಬೇಸಗೆಯಲ್ಲಿ ಒಣಗಿದ್ದ ಗುಂಡಿಯ ತಳ ಆಗ ನೀರಿನಲ್ಲಿ ಮುಳುಗಿರುತ್ತದೆ. ಗುಂಡಿಯೂ ಬಾವಿಯೂ ಒಂದೇ ಕೆರೆಯ ಎರಡು ಕಡವುಗಳಾಗುತ್ತವೆ. ಮಳೆಗಾಲದ ಮೊದಲ ತಿಂಗಳಲ್ಲಿ ಮಕ್ಕಳಿಗೆ ವಾಂತಿಭೇದಿ ಬಂದಾಗ "ಹೊಸನೀರಿನ ದೋಷ" ಎನ್ನುತ್ತೇವೆ. ಹೊಸನೀರಿನದಲ್ಲ, ಹಳೆಯ ಗುಂಡಿಯದೂ ಇರಬಹುದು.

ನಮ್ಮಲ್ಲಿ ಕೆಲವರು ಹೆಮ್ಮೆಯಿಂದ ಹೇಳುವುದುಂಟು: "ನಮ್ಮ ಗುಂಡಿ ಇಪ್ಪತ್ತು ವರ್ಷದಿಂದ ತುಂಬಲೇ ಇಲ್ಲ. ಹದಿನೈದು ಅಡಿ ಆಳ ತೆಗೆಸಿದ್ದೇವೆ." ಈ ಮಾತನ್ನು ಕೇಳಿದಾಗ ನಾವು ಮೊದಲು ಕೇಳುವ ಪ್ರಶ್ನೆ, "ನಿಮ್ಮ ಬಾವಿ ಎಷ್ಟು ಆಳ?" ತುಂಬದ ಗುಂಡಿಯೆಂದರೆ ಸೋರುವ ಗುಂಡಿ. ಅದರಲ್ಲಿ ಹಾಕಿದ್ದು ಎಲ್ಲಿಗೋ ಹೋಗಿದೆ; ಮಾಯವಾಗಿಲ್ಲ. ಕೇರಳವು ಬಯಲು ಶೌಚವಿಲ್ಲದ ರಾಜ್ಯವೆಂದು 2016ರ ನವಂಬರದಲ್ಲಿ ಘೋಷಿತವಾಯಿತು. ಗುಡ್ಡೆಗೆ ಹೋಗುತ್ತಿದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಅದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಗುಡ್ಡೆಯ ಮೇಲೆ ಬಿಸಿಲಿಗೆ ಒಣಗುತ್ತಿದ್ದುದನ್ನು ನೆಲದೊಳಗೆ ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅರ್ಧ ಕೆಲಸ ಉಳಿದಿದೆ.

ಇನ್ನು "ಸೆಪ್ಟಿಕ್ ಟ್ಯಾಂಕ್" ಎಂಬ ಹೆಸರು. ನಮ್ಮ ಕಡೆ ಯಾವ ಗುಂಡಿಗೂ ಈ ಹೆಸರಿಡುವುದು ವಾಡಿಕೆ. ನಾಲ್ಕು ಬದಿಗೆ ಮುರಕಲ್ಲು ಸಂದುಬಿಟ್ಟು ಕಟ್ಟಿ, ತಳಕ್ಕೆ ಗಾರೆ ಹಾಕದೆ, ಮೇಲೆ ಚಪ್ಪಡಿ ಮುಚ್ಚಿದರೆ ಅದು ಇಂಗುಗುಂಡಿಯೇ ಹೊರತು ಸೆಪ್ಟಿಕ್ ಟ್ಯಾಂಕಲ್ಲ. ನಿಜವಾದ ಟ್ಯಾಂಕಿಗೆ ತಳವೂ ಬದಿಯೂ ನೀರು ಸೋರದಂತಿರತಕ್ಕದ್ದು. ಒಳಗೆ ಅಡ್ಡಗೋಡೆಯಿಂದ ಎರಡು ಪಾಲಾಗಿರತಕ್ಕದ್ದು. ಹೊರಹೋಗುವ ನೀರಿಗೆ ಪ್ರತ್ಯೇಕ ಇಂಗುಗುಂಡಿಯೋ ಜಲ್ಲಿಯ ಕಣಿಯೋ ಇರತಕ್ಕದ್ದು. ಎರಡು ಮೂರು ವರ್ಷಕ್ಕೊಮ್ಮೆ ತಳದ ಕೆಸರನ್ನು ಯಂತ್ರದಿಂದ ಹೀರಿಸತಕ್ಕದ್ದು. ಇಷ್ಟೆಲ್ಲ ಮಾಡಿದ ಮೇಲೂ ಹೊರಬರುವ ನೀರು ಶುದ್ಧವಲ್ಲ. ಗಟ್ಟಿಯಾದದ್ದು ಮಾತ್ರ ಒಳಗೆ ಉಳಿದಿರುತ್ತದೆ, ರೋಗಾಣುಗಳು ಹೊರಗೆ ಬಂದಿರುತ್ತವೆ. ಅಷ್ಟು ಹಣ ಸುರಿದು ಕಟ್ಟಿಸಿ ಕೊನೆಯ ಕೊಳವೆಯನ್ನು ತೋಡಿಗೆ ಬಿಡುವವರನ್ನು ಕಂಡರೆ ನಮಗೆ ಸಿಟ್ಟಿಗಿಂತ ಕನಿಕರವೇ ಹೆಚ್ಚು ಬರುತ್ತದೆ.

ಜೋಡಿಗುಂಡಿಯ ಕ್ರಮ

ಬಿಡಿಮನೆಗೆ, ಹತ್ತು ಸೆಂಟ್ಸಿಗಿಂತ ಹೆಚ್ಚು ಜಾಗವಿದ್ದು ಬಾವಿ ದೂರವಿರುವವರಿಗೆ, ನಾವು ಮೊದಲು ಹೇಳುವುದು ಎರಡು ಗುಂಡಿಯ ಕಕ್ಕೂಸನ್ನು. ನಮ್ಮ ದೇಶದಲ್ಲೇ ಬೆಳೆದ ಕ್ರಮವಿದು. 1950ರ ದಶಕದಲ್ಲಿ ಲಖನೌ ಮೊದಲಾದ ಕಡೆ ನೀರಿನ ತಡೆಯುಳ್ಳ ಅಗ್ಗದ ಬೇಸನ್ನಿನ ಪ್ರಯೋಗಗಳಾದುವು. 1970ರಲ್ಲಿ ಬಿಂದೇಶ್ವರ ಪಾಠಕರು ಬಿಹಾರದಲ್ಲಿ ಸುಲಭ ಸಂಸ್ಥೆಯನ್ನು ಕಟ್ಟಿ ಜೋಡಿಗುಂಡಿಯನ್ನು ಊರೂರಿಗೆ ಒಯ್ದರು. 1987ರಲ್ಲಿ ಭಾರತೀಯ ಮಾನಕ ಸಂಸ್ಥೆ ಇಂತಹ ಇಂಗುಗುಂಡಿಗಳಿಗೆ ಕ್ರಮಬದ್ಧವಾದ ನಿಯಮ ಹೊರಡಿಸಿತು. ಐದು ಮಂದಿಯ ಸಂಸಾರಕ್ಕೆ ಸುಮಾರು ಮೂರಡಿ ಅಡ್ಡಗಲ, ಮೂರುನಾಲ್ಕು ಅಡಿ ಆಳದ ಎರಡು ಗುಂಡಿಗಳು ಸಾಕು. ನಡುವೆ ಕಡಿಮೆಯೆಂದರೆ ಗುಂಡಿಯ ಆಳದಷ್ಟು ಅಂತರ. ಬೇಸನ್ನಿನಿಂದ ಬರುವ ಕೊಳವೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಬಾಯಿಯನ್ನು ಕಲ್ಲಿಟ್ಟು ಗಾರೆಯಿಂದ ಮುಚ್ಚಿರಬೇಕು. ಒಂದು ಗುಂಡಿ ಮೂರು ವರ್ಷದಲ್ಲಿ ತುಂಬುತ್ತದೆ. ಆಗ ಆ ಬಾಯಿ ಮುಚ್ಚಿ ಇನ್ನೊಂದನ್ನು ತೆರೆಯುವುದು. ಮೊದಲನೆಯ ಗುಂಡಿ ಎರಡು ವರ್ಷ ಹಾಗೆಯೇ ಮುಚ್ಚಿ ಬಿದ್ದಿದ್ದರೆ ಒಳಗಿರುವುದು ವಾಸನೆಯಿಲ್ಲದ ಕರಿಮಣ್ಣಾಗುತ್ತದೆ. ಜಂತುಹುಳದ ಮೊಟ್ಟೆಗಳು ಎಲ್ಲಕ್ಕಿಂತ ಹಟಮಾರಿಗಳು. ಅವೂ ಸಾಯಬೇಕಾದರೆ ನಮ್ಮಂತಹ ಬಿಸಿನಾಡಿನಲ್ಲಿ ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಕಾಯಬೇಕು. ಎರಡು ವರ್ಷ ಬಿಟ್ಟರೆ ನಿಶ್ಚಿಂತೆ.

ಕಟ್ಟುವಾಗ ಆಗುವ ತಪ್ಪುಗಳು ಕೆಲವೇ ಕೆಲವು, ಆದರೆ ಎಲ್ಲ ಕಡೆಯೂ ಅವೇ. ಮೇಸ್ತ್ರಿಗಳು ಎರಡು ಬಾಯಿಗಳನ್ನೂ ತೆರೆದೇ ಬಿಡುತ್ತಾರೆ. ಆಗ ಎರಡೂ ಒಟ್ಟಿಗೆ ತುಂಬಿ ಜೋಡಿಗುಂಡಿಯ ಅರ್ಥವೇ ಹೋಗುತ್ತದೆ. ಇಲ್ಲವೇ ಒಂದು ತುಂಬಿ ಇನ್ನೊಂದಕ್ಕೆ ಉಕ್ಕುವಂತೆ ಕೊಳವೆ ಕೊಡುತ್ತಾರೆ. ಬೇಸನ್ನು ಚಪ್ಪಟೆಯಾದದ್ದಾದರೆ ಒಂದು ಕೊಡ ನೀರು ಬೇಕು; ಕಡಿದಾದ ಇಳಿಜಾರಿನ ಬೇಸನ್ನಿಗೆ ಎರಡು ಲೀಟರೇ ಸಾಕು. ಗುಂಡಿಗೆ ಹೋಗುವ ನೀರು ಕಡಿಮೆಯಾದಷ್ಟು ಬಾವಿಗೆ ಅಪಾಯ ಕಡಿಮೆ. ಬಚ್ಚಲಿನ ನೀರನ್ನು ಈ ಗುಂಡಿಗೆ ಎಂದೂ ಸೇರಿಸಬಾರದು.

ಆಳದ ಹುಚ್ಚನ್ನು ಬಿಡಬೇಕು. ಗುಂಡಿಯ ತಳದಿಂದ ಮಳೆಗಾಲದ ನೀರಿನ ಮಟ್ಟಕ್ಕೆ ಎರಡು ಮೀಟರು ಒಣನೆಲ ಉಳಿಯಬೇಕು. ಮಳೆಗಾಲದ ಮಟ್ಟ ತಿಳಿಯಲು ಇಂಜಿನಿಯರರು ಬೇಕಿಲ್ಲ, ಆಟಿ ತಿಂಗಳಲ್ಲಿ ನಿಮ್ಮ ಬಾವಿಗೆ ಒಂದು ಹಗ್ಗ ಇಳಿಸಿದರಾಯಿತು. ಗಟ್ಟಿ ಮುರದ ಜಾಗವಾಗಿದ್ದರೆ ಗುಂಡಿಯ ತಳಕ್ಕೆ ಗಾರೆ ಹಾಕಿ, ಹೊರಸುತ್ತಿಗೆ ಒಂದೂವರೆ ಅಡಿ ದಪ್ಪ ಮರಳನ್ನು ತುಂಬಿಸಿರಿ. ಮುರ ಕೊಡದ ಸೋಸುಬಟ್ಟೆಯನ್ನು ನಾವೇ ಹೊದಿಸಿದಂತೆ. ಮರಳಿಗೆ ಖರ್ಚು ಬರುತ್ತದೆ, ನಿಜ. ಬಾವಿ ಕೆಟ್ಟ ಮೇಲೆ ಹೊಸ ಬಾವಿ ತೋಡುವ ಖರ್ಚಿನೊಡನೆ ಹೋಲಿಸಿ ನೋಡಿರಿ.

ಸುರಂಗದ ನೀರು ಕುಡಿಯುವ ಎಣ್ಮಕಜೆ, ಬಾಯಾರು, ಪಡ್ರೆ ಕಡೆಯ ಓದುಗರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ಬಾವಿಗಾದರೆ ಅಂತರ ಅಳೆಯುವುದು ಬಾವಿಯ ಬಾಯಿಯಿಂದ. ಸುರಂಗಕ್ಕೆ ಹಾಗೆ ಅಳೆದರೆ ಮೋಸಹೋದೆವು. ಸುರಂಗದ ಬಾಯಿ ಅಂಗಳದ ಬದಿಯಲ್ಲಿದ್ದರೂ ಅದರ ಹೊಟ್ಟೆ ಗುಡ್ಡೆಯೊಳಗೆ ಬಹುದೂರ ಹೋಗಿರುತ್ತದೆ. ಗುಡ್ಡೆಯ ಮೇಲೆ ಹೊಸ ಮನೆ ಕಟ್ಟುವವರು ಕೆಳಗಿನ ಮನೆಯವರನ್ನು ಕೇಳಿ, ಸುರಂಗ ಯಾವ ದಿಕ್ಕಿಗೆ ಎಷ್ಟು ಕೋಲು ಹೋಗಿದೆಯೆಂದು ನೆಲದ ಮೇಲೆ ಗೂಟ ಹೊಡೆದು ಗುರುತಿಸಿ, ಆ ಗೆರೆಯಿಂದ ದೂರಕ್ಕೆ ಗುಂಡಿ ತೆಗೆಸಬೇಕು. ಹಿರಿಯರು ಇರುವಾಗಲೇ ಈ ಗುರುತು ಮಾಡಿಕೊಳ್ಳುವುದು ಲೇಸು. ಸುರಂಗ ಕೊರೆದವರು ಹೋದ ಮೇಲೆ ಅದರ ದಾರಿ ಹೇಳುವವರಿಲ್ಲ.

ಬೈಲಿನವರಿಗೆ ಬೂದಿಯ ಕೋಣೆ

ಬೈಲಿನ ಬದಿ, ತೋಡಿನ ಬದಿ ಇರುವ ಮನೆಗಳಲ್ಲಿ ಎರಡಡಿ ತೋಡಿದರೆ ನೀರು. ಅಲ್ಲಿ ಯಾವ ಗುಂಡಿಯೂ ಆಗದು. ಅಲ್ಲಿಗೆ ನೆಲದ ಮೇಲೆಯೇ ಕಟ್ಟುವ ಎರಡು ಕೋಣೆಯ ಒಣ ಕಕ್ಕೂಸು ಒಳ್ಳೆಯದು. ಉತ್ತರ ವಿಯೆಟ್ನಾಮಿನ ಭತ್ತದ ರೈತರ ನಡುವೆ 1956ರಿಂದ ಇದು ಹಬ್ಬಿತು. ನಮ್ಮದೇ ಕೊಂಕಣದ ಕಣಕವಲಿಯಲ್ಲಿ ಗೋಪುರಿ ಆಶ್ರಮ ಸ್ಥಾಪಿಸಿದ ಅಪ್ಪಾಸಾಹೇಬ ಪಟವರ್ಧನರು ಇದೇ ಬಗೆಯ ಗೋಪುರಿ ಕಕ್ಕೂಸನ್ನು ಬಳಕೆಗೆ ತಂದರು. ತಿರುವನಂತಪುರದ ಬಳಿಯ ಕಡಲ ಕರೆಯ ಹಳ್ಳಿಗಳಲ್ಲಿ, ನೀರು ನೆಲಕ್ಕೆ ತಾಗಿಯೇ ಇರುವಲ್ಲಿ, 1990ರ ದಶಕದಿಂದ ಇಂತಹವನ್ನು ಕಟ್ಟಿದ್ದಾರೆ. ಮಲ ಕೆಳಗಿನ ಕೋಣೆಗೆ, ಮೂತ್ರವೂ ತೊಳೆದ ನೀರೂ ಬೇರೆ ಬೇರೆ ಕೊಳವೆಗೆ. ಪ್ರತಿಸಲವೂ ಒಂದು ಗೆರಟೆ ಬೂದಿ ಚೆಲ್ಲುವುದು. ಒಂದು ಕೋಣೆ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗುವುದು. ನೀರು ತಾಗದಿದ್ದರೆ ವಾಸನೆಯಿಲ್ಲ, ನೊಣವಿಲ್ಲ.

ಇದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಅಭ್ಯಾಸವಿಲ್ಲದ ನೆಂಟರು ಬಂದ ದಿನ ಎಲ್ಲ ಕೆಡುತ್ತದೆ. ಮೆಟ್ಟಲು ಹತ್ತಿ ಹೋಗಬೇಕಾದುದರಿಂದ ಮುದುಕರಿಗೆ ಕಷ್ಟ. ಗ್ಯಾಸಿನ ಒಲೆ ಬಂದ ಮನೆಯಲ್ಲಿ ಬೂದಿಯೇ ಇಲ್ಲ. ಸುಡುಮಣ್ಣು ಮಾಡುವ ಮನೆಗಳಲ್ಲಿ ಮಾತ್ರ ಆ ಚಿಂತೆಯಿಲ್ಲ. ಒಟ್ಟಿನಲ್ಲಿ ಮನಸ್ಸಿಟ್ಟು ನಡೆಸುವವರಿಗೆ ಇದಕ್ಕೆ ಸಮನಾದುದಿಲ್ಲ, ಉದಾಸೀನರಿಗೆ ಇದು ಬೇಡ.

ತೋಟದ ಲೆಕ್ಕ

ಈಗ ಕೃಷಿಯ ಮಾತಿಗೆ ಬರೋಣ. ನಮ್ಮ ದೇಶದ ಊಟ ಉಣ್ಣುವ ಒಬ್ಬ ಮನುಷ್ಯನ ಮೂತ್ರದಲ್ಲಿ ವರ್ಷಕ್ಕೆ ಸುಮಾರು 2.3 ಕಿಲೋ ಸಾರಜನಕವೂ 0.3 ಕಿಲೋ ರಂಜಕವೂ ಹೊರಹೋಗುತ್ತದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಮಲದಲ್ಲಿ ಹೋಗುವ ಸಾರಜನಕ 0.3 ಕಿಲೋ ಮಾತ್ರ. ನಾವು ಹೇಸುವುದು ಎರಡನ್ನೂ. ಆದರೆ ಗೊಬ್ಬರದ ಹೆಚ್ಚಿನ ಪಾಲು ಮೂತ್ರದಲ್ಲೂ ರೋಗದ ಹೆಚ್ಚಿನ ಪಾಲು ಮಲದಲ್ಲೂ ಇದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯ ಫಲ ಕೊಡುವ ಒಂದು ಕಂಗಿಗೆ ವರ್ಷಕ್ಕೆ ಹೇಳುವುದು 100 ಗ್ರಾಮು ಸಾರಜನಕ, 40 ಗ್ರಾಮು ರಂಜಕ, 140 ಗ್ರಾಮು ಪೊಟ್ಯಾಷು. ಐದು ಮಂದಿಯ ಮನೆಯಿಂದ ವರ್ಷಕ್ಕೆ ಹನ್ನೊಂದೂವರೆ ಕಿಲೋ ಸಾರಜನಕವಾಯಿತು, ಅಂದರೆ 25 ಕಿಲೋ ಯೂರಿಯಾ. ಕಾಗದದ ಲೆಕ್ಕದಲ್ಲಿ 115 ಕಂಗುಗಳಿಗೆ ಸಾಕು. ಗಾಳಿಗೆ ಹಾರಿಹೋಗುವುದನ್ನು, ಮನೆಯ ಹೊರಗೆ ಕಳೆಯುವ ಹೊತ್ತನ್ನು ಕಳೆದು ಅರ್ಧವೆಂದೇ ಹಿಡಿದರೂ ಐವತ್ತಕ್ಕೆ ಮೇಲೆ. ಈ ಗೊಬ್ಬರವನ್ನು ನಾವು ನೆರೆಯವರ ಬಾವಿಗೆ ಬಿಟ್ಟು, ಬಳಿಕ ಪೇಟೆಯಿಂದ ಮೂಟೆ ಹೊತ್ತು ತರುತ್ತೇವೆ.

ಮುಚ್ಚಿದ ಡಬ್ಬದಲ್ಲಿ ಒಂದು ತಿಂಗಳಿಟ್ಟ ಮೂತ್ರವನ್ನು ಐದರಿಂದ ಹತ್ತರಷ್ಟು ನೀರು ಬೆರೆಸಿ, ಬುಡದಿಂದ ಒಂದೆರಡು ಅಡಿ ದೂರದಲ್ಲಿ ಕೆರೆಸಿದ ಮಣ್ಣಿಗೆ ಹೊಯ್ದು ಮುಚ್ಚಬೇಕು. ಬುಡಕ್ಕೇ ಹೊಯ್ದರೆ ಬೇರು ಬೆಂದೀತು. ಪೊಟ್ಯಾಷು ಇದರಲ್ಲಿ ಸಾಕಷ್ಟಿಲ್ಲ. ಬೂದಿಯನ್ನೋ ಸುಡುಮಣ್ಣನ್ನೋ ಜತೆಗೆ ಕೊಡಬೇಕು. ಮಳೆ ಸುರಿಯುವಾಗ ಕೊಟ್ಟರೆ ತೊಳೆದುಹೋಗಿ ಮತ್ತೆ ಬಾವಿಯನ್ನೇ ಸೇರುತ್ತದೆ. ಗುಂಡಿಯ ಹಳೆಮಣ್ಣು ಕಂಗು, ತೆಂಗು, ಬಾಳೆಗಳಿಗೆ ಆಗಬಹುದು; ಬಸಳೆ, ಹರಿವೆ, ಮುಳ್ಳುಸೌತೆಯ ಸಾಲಿಗೆ ಬೇಡ.

ಗುಂಡಿ ಬರಿದು ಮಾಡುವವರು ಯಾರು?

ಯಾವ ಕ್ರಮವನ್ನು ಆರಿಸುವಾಗಲೂ ಕೇಳಬೇಕಾದ ಮೊದಲ ಪ್ರಶ್ನೆ ಇದು, ಕೇಳದೆ ಬಿಡುವ ಪ್ರಶ್ನೆಯೂ ಇದೇ. ನಮ್ಮ ನಾಡಿನ ಕೊರಗ ಬಂಧುಗಳನ್ನು ಎಂತೆಂತಹ ಹೀನ ಕೆಲಸಗಳಿಗೆ ದೂಡಿದ್ದೆವೆಂಬುದು ಗುಟ್ಟಿನ ಮಾತಲ್ಲ. ಗಡಿಯ ಆಚೆ ಕರ್ನಾಟಕದಲ್ಲಿ 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸಲು ಕಾನೂನನ್ನೇ ಮಾಡಬೇಕಾಯಿತು. ಬುಟ್ಟಿ ಹೆಣೆಯುವ ಕೈಗೆ ಇನ್ನೊಬ್ಬರ ಗುಂಡಿಯ ಬುಟ್ಟಿಯನ್ನು ಕೊಟ್ಟ ಸಮಾಜ ಹೊಸ ಕಕ್ಕೂಸು ಕಟ್ಟುವಾಗ ಹಳೆಯ ಪಾಪವನ್ನೂ ಕಟ್ಟಬಾರದು. ಮನುಷ್ಯರಿಂದ ಮಲ ಬಾಚಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಕಾನೂನು ಬಂದಿವೆ. ಗುಂಡಿಗಿಳಿದು ಸತ್ತವರ ಸಂಸಾರಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಚ್ಚಿದ ಗುಂಡಿಯಲ್ಲಿ ಕಟ್ಟಿಕೊಂಡ ವಿಷವಾಯು ಒಬ್ಬನನ್ನು ಬೀಳಿಸುತ್ತದೆ. ಎತ್ತಲು ಇಳಿದವನನ್ನೂ ಬೀಳಿಸುತ್ತದೆ. ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ, ಎಷ್ಟು ಕೂಲಿ ಕೊಟ್ಟರೂ, ಇಳಿಸಬೇಡಿರಿ. ಎರಡು ವರ್ಷ ಒಣಗಿದ ಗುಂಡಿಯ ಮಣ್ಣನ್ನಾದರೋ ಮನೆಯ ಯಜಮಾನನೇ ಹಾರೆ ಹಿಡಿದು ತೆಗೆಯಬಹುದು. ಜೋಡಿಗುಂಡಿಯನ್ನು ನಾವು ಮೆಚ್ಚುವುದಕ್ಕೆ ಇದೇ ದೊಡ್ಡ ಕಾರಣ.

ಆದಿವಾಸಿಗಳ ಕಾಲನಿಗಳ ವಿಚಾರ ಬೇರೆಯೇ ಆಗಿದೆ. ಕೊರಗರು, ಮಾವಿಲರು, ಮಲೆವೇಟ್ಟುವರು ಇರುವ ಎಷ್ಟೋ ಕಾಲನಿಗಳು ಯಾರಿಗೂ ಬೇಡವಾದ ಪಾರೆಯ ಮೇಲಿವೆ. ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಕೆಲವೇ ಸೆಂಟ್ಸು ಜಾಗ. ಬೇಸಗೆಯಲ್ಲಿ ಕುಡಿಯಲು ನೀರಿಗೇ ಕಷ್ಟ. ಅಲ್ಲಿ ಹತ್ತು ಲೀಟರು ನೀರು ಬೇಡುವ ಕಕ್ಕೂಸನ್ನು ಕಟ್ಟಿಕೊಟ್ಟು, ಮರುವರ್ಷ ಅದರಲ್ಲಿ ಸೌದೆ ತುಂಬಿದ್ದನ್ನು ಕಂಡು, "ಇವರಿಗೆ ಅಭ್ಯಾಸವಿಲ್ಲ" ಎನ್ನುವುದು ನ್ಯಾಯವಲ್ಲ. ತಪ್ಪು ಅಭ್ಯಾಸದ್ದಲ್ಲ, ನಕ್ಷೆಯದು. ಪಾರೆಯ ಮೇಲೆ ನೆಲಮಟ್ಟದಿಂದ ಎತ್ತರಿಸಿ ಕಟ್ಟಿದ, ಸುತ್ತ ಮಣ್ಣು ಮರಳು ಏರಿಸಿದ ಜೋಡಿಗುಂಡಿಯನ್ನೋ ಬೂದಿಯ ಕೋಣೆಯನ್ನೋ ಮಾಡಬಹುದು. ಮನೆಗಳು ಇಪ್ಪತ್ತು ಮೂವತ್ತು ಒಂದೆಡೆ ಇದ್ದರೆ ಎಲ್ಲಕ್ಕೂ ಸೇರಿ ಒಂದು ತೊಟ್ಟಿ ಒಳ್ಳೆಯದು: ಮೊದಲು ಕೆಸರು ತಂಗುವ ತೊಟ್ಟಿ, ಬಳಿಕ ಅಡ್ಡಗೋಡೆಗಳ ನಡುವೆ ನೀರು ಮೇಲೆಕೆಳಗೆ ಹಾದುಹೋಗುವ ತೊಟ್ಟಿ, ಕೊನೆಗೆ ಜಲ್ಲಿಯ ಹಾಸು, ಅದರ ಮೇಲೆ ಕಾಬಾಳೆ, ಜೊಂಡು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಎಂಜಿನು. ಹೊರಬಂದ ನೀರನ್ನು ತೆಂಗಿಗೆ ಬಿಡಬಹುದು. ಜಲ್ಲಿಯನ್ನು ಕೆಲವು ವರ್ಷಕ್ಕೊಮ್ಮೆ ತೊಳೆಯಬೇಕು, ತೊಟ್ಟಿಯ ಕೆಸರನ್ನು ಲಾರಿಯಿಂದ ಹೀರಿಸಬೇಕು. ಲಾರಿ ಹೋಗುವ ದಾರಿ ಕಾಲನಿಗೆ ಇದೆಯೇ ಎಂಬುದನ್ನು ಕಟ್ಟುವ ಮೊದಲೇ ನೋಡಬೇಕು.

ಯಂತ್ರದ ಶುದ್ಧೀಕರಣ ಘಟಕಗಳನ್ನು ಮಾರುವವರೂ ಈಗ ಬರುತ್ತಾರೆ. ಗಾಳಿ ಊದುವ ಮೋಟಾರು, ಹೊಳೆಯುವ ಪೆಟ್ಟಿಗೆ. ಆಟಿಯ ಗಾಳಿಮಳೆಗೆ ಕರೆಂಟು ಹೋದಾಗ ಅದರೊಳಗಿನ ಉಪಕಾರಿ ಜೀವಾಣುಗಳು ಉಸಿರುಗಟ್ಟಿ ಸಾಯುತ್ತವೆ. ದೊಡ್ಡ ಆಸ್ಪತ್ರೆಗೆ, ದೊಡ್ಡ ವಸತಿಗೃಹಕ್ಕೆ ಅದು ಬೇಕಾದೀತು, ಕಾಲನಿಗೆ ಬೇಡ.

ಇದು ನಮ್ಮೊಬ್ಬರ ಕಷ್ಟವಲ್ಲ. ಕೆನಡಾ ದೇಶ ನಮಗಿಂತ ಎಷ್ಟು ಸಿರಿವಂತ! ಅಲ್ಲಿಯ ಮೂಲನಿವಾಸಿಗಳ 571 ಸಮುದಾಯಗಳಲ್ಲಿ ಸರಕಾರ ತನಿಖೆ ನಡೆಸಿ 2011ರಲ್ಲಿ ವರದಿ ಹೊರಡಿಸಿತು. ನೋಡಿದ 532 ಕೊಳೆನೀರಿನ ವ್ಯವಸ್ಥೆಗಳಲ್ಲಿ ನೂರಕ್ಕೆ 14 ಹೆಚ್ಚಿನ ಅಪಾಯದವು, 51 ಮಧ್ಯಮ ಅಪಾಯದವು. ದೂರದ ಸಣ್ಣ ಊರಿನಲ್ಲಿ ಯಂತ್ರ ಕೆಟ್ಟರೆ ರಿಪೇರಿಯವನು ಬರಬೇಕು, ನಡೆಸುವವನಿಗೆ ತರಬೇತಿ ಬೇಕು, ಸಂಬಳ ಬೇಕು. ಕಟ್ಟಲು ದುಡ್ಡು ಕೊಡುವ ಸರಕಾರಗಳು ನಡೆಸಲು ಕೊಡುವುದಿಲ್ಲ. ಅಲಾಸ್ಕದ ಕೆಲವು ಹಳ್ಳಿಗಳಲ್ಲಿ ನೆಲವೇ ಹಿಮಗಟ್ಟಿರುವುದರಿಂದ ಗುಂಡಿ ತೋಡಲಾಗದೆ ಜನ ಇಂದಿಗೂ ಬಕೇಟು ಬಳಸುತ್ತಾರೆ. ನಮ್ಮ ದೇಶದ ಲಡಾಖಿನಲ್ಲಿ ತಲೆತಲಾಂತರದಿಂದ ಒಣ ಕಕ್ಕೂಸೇ ಇತ್ತು. ಮಣ್ಣು ಬೂದಿ ಹಾಕಿ ವಸಂತದಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು. ಪ್ರವಾಸಿಗಳು ಬಂದರು, ನೀರು ಸುರಿಯುವ ಕಕ್ಕೂಸು ಬಂತು, ಊಟೆಗಳು ಕೆಡುವ ಭಯವೂ ಬಂತು. ಕೊನೆಗೆ 2017ರಲ್ಲಿ ಲೇಹದಲ್ಲಿ ಗುಂಡಿಗಳ ಕೆಸರನ್ನು ಗಿಡ ನೆಟ್ಟ ಹಾಸುಗಳಲ್ಲಿ ಒಣಗಿಸುವ ಘಟಕವನ್ನು ಕಟ್ಟಬೇಕಾಯಿತು.

ಕರ್ನಾಟಕದ ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಘಟಕ ಬಂದಿತ್ತು. ಗುಂಡಿಯ ಕೆಸರಿಗೆಂದೇ ಕಟ್ಟಿದ್ದರಲ್ಲಿ ನಮ್ಮ ದೇಶಕ್ಕೆ ಅದೇ ಮೊದಲನೆಯದು. ಲಾರಿ ತಂದ ಕೆಸರು ಗೋಬರ್ ಗ್ಯಾಸಿನಂತಹ ತೊಟ್ಟಿಯಲ್ಲಿ ಕೊಳೆತು, ಹಾಸಿನಲ್ಲಿ ಒಣಗಿ, ಪೇಟೆಯ ಹಸಿ ಕಸದೊಡನೆ ಗೊಬ್ಬರವಾಗುತ್ತದೆ. ನಾಯ್ಮಾರ್ಮೂಲೆಯಂತಹ ಒತ್ತಾದ ಊರಿಗೆ, ಐದು ಸೆಂಟ್ಸಿನ ಮನೆಗಳಿಗೆ, ಕೊನೆಗೂ ಇದೇ ದಾರಿಯೆಂದು ನಮ್ಮ ಅಭಿಪ್ರಾಯ: ಮನೆಮನೆಯಲ್ಲಿ ಸೋರದ ಟ್ಯಾಂಕು, ನಾಲ್ಕೈದು ಪಂಚಾಯತಿಗಳಿಗೆ ಸೇರಿ ಒಂದು ಕೆಸರಿನ ಘಟಕ. ಘಟಕ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ, ತಮ್ಮ ವಾರ್ಡಿನಲ್ಲಿ ಮಾತ್ರ ಬೇಡವೆನ್ನುತ್ತಾರೆ. ಹಾಗೆನ್ನುವ ಮೊದಲು ನಡೆಯುತ್ತಿರುವ ಒಂದು ಘಟಕವನ್ನು ಹೋಗಿ ನೋಡಿ ಬರುವುದು ಒಳ್ಳೆಯದು. ಅಲ್ಲಿಯವರೆಗೆ ಹೀರುವ ಲಾರಿಯವರು ರಾತ್ರಿ ಎಲ್ಲಿ ಸುರಿಯುತ್ತಾರೆಂದು ಕೇಳಿರಿ. ತೋಡಿಗೆ ಸುರಿದರೆ ಅದು ಚಂದ್ರಗಿರಿಗೆ ಬಂದು ಸೇರುತ್ತದೆ.

ಗ್ರಾಮಸಭೆಯಲ್ಲಿ ಇದರ ಅಂದಾಜುಪಟ್ಟಿ ಬಂದಾಗ ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಲು ಅಳುಕಬೇಡಿರಿ. ಕೇಳಬೇಕಾದದ್ದು ಇಷ್ಟು: ಇದು ಕೆಟ್ಟರೆ ಯಾರು ಸರಿಮಾಡುತ್ತಾರೆ, ತುಂಬಿದರೆ ಯಾರು ತೆಗೆಯುತ್ತಾರೆ, ವರ್ಷಕ್ಕೆ ಖರ್ಚೆಷ್ಟು, ಕರೆಂಟಿಲ್ಲದೆ ನಡೆದೀತೇ, ಆಟಿಯಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಯಾರಾದರೂ ಅಳೆದಿದ್ದಾರೆಯೇ? ಕಾಲನಿಗೆ ಕಟ್ಟುವುದಾದರೆ ಕಾಲನಿಯ ಹೆಂಗಸರನ್ನು ಮೊದಲು ಕೇಳಿರಿ. ಬಾಗಿಲು ಯಾವ ಕಡೆಗಿರಬೇಕು, ರಾತ್ರಿ ದೀಪ ಎಲ್ಲಿರಬೇಕು ಎಂಬುದು ಅವರಿಗೆ ಗೊತ್ತಿರುವಷ್ಟು ಇಂಜಿನಿಯರರಿಗೆ ಗೊತ್ತಿರದು.

ನಿಮ್ಮ ಬಾವಿ ಕೆಟ್ಟಿದೆಯೇ ಎಂದು ತಿಳಿಯಲು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ ಸುಲಭ ಪರೀಕ್ಷೆಯೊಂದಿದೆ. ಔಷಧ ಲೇಪಿಸಿದ ಕಾಗದವಿರುವ ಸಣ್ಣ ಬಾಟಲಿಗೆ ಬಾವಿನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸಂಪರ್ಕವಿದ್ದ ನೀರು ಕಪ್ಪಾಗುತ್ತದೆ. ಬೇಸಗೆಯಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ನೋಡಬೇಕು. ಕಪ್ಪಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೇಟಿನಲ್ಲಿ ಕಲಸಿ, ತಿಳಿನೀರನ್ನು ಮಾತ್ರ ಸಂಜೆ ಬಾವಿಗಿಳಿಸಿ, ಮರುದಿನದಿಂದ ಬಳಸಬಹುದು. ಆದರೂ ಕುದಿಸಿಯೇ ಕುಡಿಯಿರಿ. ಗುಂಡಿಯಿಂದ ಇಳಿದ ನೈಟ್ರೇಟು ಮಾತ್ರ ಪುಡಿಗೂ ಕುದಿಗೂ ಬಗ್ಗುವುದಿಲ್ಲ; ಲೀಟರಿಗೆ 45 ಮಿಲ್ಲಿಗ್ರಾಮು ಮೀರಿದ ನೀರನ್ನು ಎಳೆಮಕ್ಕಳಿಗೆ ಕೊಡಲೇಬಾರದು.

ಬಚ್ಚಲು ಮತ್ತು ಅಡಿಗೆಮನೆಯ ನೀರಿನ ವಿಚಾರ ಉಳಿಯಿತು. ಇದು ಸುಲಭದ್ದು. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಕೊಡಬೇಕೆಂದು 2019ರ ಜಲಜೀವನ ಯೋಜನೆ ನಿಶ್ಚಯಿಸಿದೆ. ಐದು ಮಂದಿಗೆ 275 ಲೀಟರು; ಅದರಲ್ಲಿ 200 ಲೀಟರಾದರೂ ಬಚ್ಚಲಿನಿಂದ ಹೊರಬರುತ್ತದೆ. ಹನಿ ನೀರಾವರಿಯಲ್ಲಿ ಒಂದು ಕಂಗಿಗೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ಬೇಕು. ಹತ್ತು ಕಂಗುಗಳ ಬೇಸಗೆಯ ನೀರು ನಿಮ್ಮ ಬಚ್ಚಲಲ್ಲೇ ಇದೆ. ಎಣ್ಣೆಜಿಡ್ಡು ತಡೆಯಲು ಮೊದಲು ಒಂದು ಸಣ್ಣ ತೊಟ್ಟಿ, ಅದರಲ್ಲಿ ತೆಂಗಿನ ಸಿಪ್ಪೆ ಮತ್ತು ಜಲ್ಲಿ. ಸಿಪ್ಪೆಯನ್ನು ತಿಂಗಳಿಗೊಮ್ಮೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಹೊಸತಿಡುವುದು. ಅಲ್ಲಿಂದ ಕಣಿ ತೆಗೆದು ಮರದಿಂದ ಮರಕ್ಕೆ ವಾರಕ್ಕೊಮ್ಮೆ ತಿರುಗಿಸುವುದು, ಒಂದೇ ಬುಡಕ್ಕೆ ಸಾಬೂನು ಸೇರಬಾರದು. ತೋಟವಿಲ್ಲದ ಐದು ಸೆಂಟ್ಸಿನವರು ಮೂರಡಿ ಅಗಲ, ಎರಡಡಿ ಆಳದ ಹೊಂಡ ತೆಗೆದು, ಒಣ ಮಡಲು ಸೋಗೆ ತುಂಬಿ, ಸುತ್ತ ನಾಲ್ಕು ಬಾಳೆಕಂದು, ನಡುನಡುವೆ ಕೆಸು ನೆಟ್ಟರೆ ಸಾಕು. ಕಂದು ನೆಡಲು ಪತ್ತನಾಜೆಯ ಮೊದಲ ಮಳೆ ಒಳ್ಳೆಯದು; ಹೊಂಡವನ್ನು ಮಾತ್ರ ಅದಕ್ಕೆ ಮೊದಲೇ, ನೆಲ ಒಣಗಿರುವಾಗ ತೆಗೆಸಿಡಿರಿ.